ಮಳೆ ಬಂದರೆ ಮಾತ್ರ ಕೆಮ್ಮುವ ಕಾರು

ತೀರ್ಥಹಳ್ಳಿ ಕಡೆ ಮಳೆ ಹಿಡಿಯಿತೆಂದರೆ ಗ್ಯಾರೇಜುಗಳ ಮುಂದೆ ಒಂದೇ ದೂರು: "ನಿನ್ನೆವರೆಗೆ ಚೆನ್ನಾಗೇ ಇತ್ತು ಮಾರಾಯ್ರೆ, ಬೆಳಿಗ್ಗೆಯಿಂದ ಮಿಸ್ ಹೊಡೀತಿದೆ!"

ಕಿರಾಣಿ ಅಂಗಡಿಯ ನಮ್ಮ ಗೆಳೆಯರೊಬ್ಬರ ಹಳೆಯ ಪೆಟ್ರೋಲ್ ಕಾರಿಗೂ ಇದೇ ಕಾಯಿಲೆ. ಬಿಸಿಲಿದ್ದರೆ ಕುದುರೆ, ನಾಲ್ಕು ಹನಿ ಬಿದ್ದರೆ ಗೂರಲು ಹತ್ತಿದ ಮುದುಕ. ಒಂದು ಗ್ಯಾರೇಜಿನಲ್ಲಿ ಪೆಟ್ರೋಲ್ ಪಂಪ್ ಬದಲಾಯಿಸಿದರು. ಇನ್ನೊಂದರಲ್ಲಿ ಕಾರ್ಬೊರೇಟರ್ ಬಿಚ್ಚಿ ತೊಳೆದರು. ಬಿಲ್ಲು ಕಟ್ಟುವ ಹೊತ್ತಿಗೆ ಬಿಸಿಲು ಬಂತು, ಕಾರೂ ಸರಿಹೋಯಿತು! ಮುಂದಿನ ಮಳೆಗೆ ಮತ್ತದೇ ರಾಗ. ಕೊನೆಗೆ ಹೆಂಡತಿಯನ್ನು ಉಡುಪಿ ಕಡೆಯ ಆಸ್ಪತ್ರೆಯಿಂದ ಕರೆತರುವಾಗ, ಆಗುಂಬೆ ಘಾಟಿಯ 14 ತಿರುವುಗಳಲ್ಲೊಂದರಲ್ಲಿ ಕಾರು ನಿಂತೇಬಿಟ್ಟಿತು. ಹಿಂದೆ ಬಸ್ಸು, ಮುಂದೆ ಮಂಜು. ಅವರ ಪಾಡು ದೇವರಿಗೇ ಪ್ರೀತಿ.

ಮಳೆಯಲ್ಲಿ ಮಾತ್ರ ಬರುವ ಮಿಸ್ಸಿಂಗಿಗೆ ಪೆಟ್ರೋಲನ್ನು ಬೈಯುವ ಮೊದಲು ಕರೆಂಟನ್ನು ಅನುಮಾನಿಸಬೇಕು ಸ್ವಾಮಿ. ಬ್ಯಾಟರಿ ಕೊಡುವುದು 12 ವೋಲ್ಟು. ಕಾಯಿಲ್ ಅದನ್ನು 20 ಸಾವಿರಕ್ಕೂ ಮೇಲೆ ಏರಿಸುತ್ತದೆ. ಇಷ್ಟು ಜೋರಿನ ಕರೆಂಟು ಪ್ಲಗ್ಗಿನ ಕೂದಲೆಳೆಯಂಥ ಸಂದಿಯನ್ನು ಹಾರಿ ಕಿಡಿಯಾಗಬೇಕು. ಆದರೆ ವೈರಿನ ರಬ್ಬರ್ ಒಂದು ಕಡೆ ಸೀಳಿದ್ದು, ಮೇಲೆ ಧೂಳು, ಅದರ ಮೇಲೆ ತೇವ ಕೂತರೆ? ಹತ್ತಿರದ ದಾರಿ ಸಿಕ್ಕಿತೆಂದು ಇಂಜಿನ್ನಿನ ಕಬ್ಬಿಣಕ್ಕೆ ಇಳಿದುಹೋಗುತ್ತದೆ. ಆ ಸಿಲಿಂಡರಿಗೆ ಕಿಡಿಯಿಲ್ಲ, ಪೆಟ್ರೋಲ್ ಉರಿಯದೆ ಹೊರಗೆ. ಪ್ಲಗ್ ಸವೆದು ಸಂದಿ ಅಗಲವಾಗಿದ್ದರಂತೂ ಕರೆಂಟಿಗೆ ಅದನ್ನು ದಾಟುವುದು ಇನ್ನೂ ಕಷ್ಟ, ಸೋರುವುದು ಇನ್ನೂ ಸುಲಭ.

ಇದನ್ನು ಕಣ್ಣಾರೆ ನೋಡಬಹುದು. ರಾತ್ರಿ ಕತ್ತಲಲ್ಲಿ, ಬಯಲಲ್ಲಿ (ಮುಚ್ಚಿದ ಶೆಡ್ಡಿನಲ್ಲಿ ಬೇಡ, ಹೊಗೆ ಪ್ರಾಣ ತೆಗೆದೀತು), ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಬಾನೆಟ್ ಎತ್ತಿ ಇಂಜಿನ್ ಓಡಿಸಿ. ಕ್ಷೌರದಂಗಡಿಯ ನೀರು ಚಿಮುಕಿಸುವ ಬಾಟಲಿ ಸಾಕು. ಕಾಯಿಲಿಗೆ ಒಮ್ಮೆ, ಒಂದೊಂದು ಪ್ಲಗ್ ವೈರಿಗೆ ಒಮ್ಮೆ, ಡೆಲ್ಕೋ ಕ್ಯಾಪಿಗೆ ಒಮ್ಮೆ, ಒಂದಾದ ಮೇಲೊಂದು ಹಗುರವಾಗಿ ಸಿಂಪಡಿಸಿ. ಎಲ್ಲಿ ಸಿಂಪಡಿಸಿದಾಗ ಇಂಜಿನ್ ಮುಗ್ಗರಿಸಿತೋ ಅಲ್ಲೇ ಕಳ್ಳ. ನೀಲಿ ಕಿಡಿ ಹಾವಿನ ನಾಲಿಗೆಯಂತೆ ಚಟಚಟ ಎನ್ನುವುದೂ ಕಾಣುತ್ತದೆ. ಕೈ ಮಾತ್ರ ಇಡಬೇಡಿ. ಪಂಚೆ, ಟವೆಲ್ ಫ್ಯಾನಿನಿಂದ ದೂರವಿರಲಿ.

ಡೆಲ್ಕೋ ಕ್ಯಾಪಿನ ಒಳಗೆ ಬರೀ ತೇವವಾದರೆ ಇಂಜಿನ್ ಆರಿಸಿ, ಬಿಚ್ಚಿ, ಒಣಬಟ್ಟೆಯಲ್ಲಿ ಒರೆಸಿದರಾಯಿತು. ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಕಂಡರೆ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ. ಅದು ಕರೆಂಟು ಸುಟ್ಟು ಮಾಡಿಕೊಂಡ ಕಾಲುದಾರಿ. ಕ್ಯಾಪ್ ಹೊಸದೇ ಬೇಕು.

ಈಗಿನ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಡೆಲ್ಕೋನೂ ಇಲ್ಲ, ಉದ್ದ ವೈರೂ ಇಲ್ಲ. ಪ್ಲಗ್ಗಿಗೊಂದು ಕಾಯಿಲ್ ಮೇಲೇ ಕೂತಿರುತ್ತದೆ. ಅಲ್ಲಿ ನೀರಿನ ಆಟ ಬೇಡ, ಸ್ಕ್ಯಾನರ್ ಹಾಕಿಸಿ. ಪಿ-0301 ಎಂದರೆ ಒಂದನೇ ಸಿಲಿಂಡರ್, 0302 ಎಂದರೆ ಎರಡನೆಯದು. ಮೆಕ್ಯಾನಿಕ್ ಆ ಎರಡು ಕಾಯಿಲ್ ಅದಲುಬದಲು ಮಾಡಲಿ. ದೂರು 0301ರಿಂದ 0302ಕ್ಕೆ ಜಾಗ ಬದಲಿಸಿದರೆ ತಪ್ಪು ಕಾಯಿಲಿನದೇ. ಇಂಜಿನ್ ದೀಪ ಮಿಣುಕುತ್ತಿದ್ದರೆ ಕಾರು ಓಡಿಸಲೇಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತದೆ, ಆ ಬಿಲ್ಲಿನ ಮುಂದೆ ಕಾಯಿಲಿನ ಬೆಲೆ ಏನೇನೂ ಅಲ್ಲ. ಡೀಸೆಲ್ ಗಾಡಿಯವರಿಗೆ ಈ ಗೋಳಿಲ್ಲ, ಅಲ್ಲಿ ಕಿಡಿಯೇ ಇಲ್ಲವಲ್ಲ.

ನಮ್ಮ ಗೆಳೆಯರು ಅಂಗಡಿ ಬಾಗಿಲು ಹಾಕಿದ ಮೇಲೆ ಬಾಟಲಿ ಸಾಲ ತಂದು ಸಿಂಪಡಿಸಿದರು. ಮೂರನೇ ಪ್ಲಗ್ಗಿನ ವೈರು ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ಸವೆದಿತ್ತು. ನೀರು ಬಿದ್ದದ್ದೇ ತಡ, ಕಿಡಿ! ಮಾರನೇ ದಿನ ಹೊಸ ವೈರ್ ಸೆಟ್ ಹಾಕಿಸಿದರು. ಸುಮ್ಮನೆ ಬಿಚ್ಚಿಸಿದ ಹಳೆಯ ಪೆಟ್ರೋಲ್ ಪಂಪು ಈಗಲೂ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇದೆ. ಗಿರಾಕಿಗಳು ಕೇಳಿದರೆ, "ಮಾರಾಟಕ್ಕಲ್ಲ" ಅಂತಾರೆ.