ಗಾಲಿಯ ಮುಚ್ಚಳ ಮತ್ತು ವೇಗದ ಲೆಕ್ಕ

ವಿದ್ಯುತ್ ಕಾರಿಗೆ ಅಂಗಡಿಯಿಂದ ಕೊಂಡು ತಂದ ವೀಲ್ ಕವರ್ ಹಾಕಿಸಿದರೆ ಒಂದು ಚಾರ್ಜಿಗೆ ಓಡುವ ದೂರ, ಅಂದರೆ ರೇಂಜ್, ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ ಮೈಸೂರಿನ ವಿಜಯನಗರದಲ್ಲಿ ಒಂದೇ ಉತ್ತರವಿಲ್ಲ. ಏಕೆಂದರೆ ಈ ಬಡಾವಣೆಯ ಒಳರಸ್ತೆಗಳಲ್ಲಿ ಉಬ್ಬುಗಳ ನಡುವೆ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸಾಗುವ ಕಾರೇ ವರ್ತುಲ ರಸ್ತೆ ಹಿಡಿದು ಬೆಂಗಳೂರು ಹೆದ್ದಾರಿಗೆ ಬಂದರೆ 100 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಮುಚ್ಚಳದಿಂದ ಏನಾದರೂ ಲಾಭವಿದ್ದರೆ ಅದು ಎರಡನೆಯ ವೇಗದಲ್ಲಿಯೇ ಹೊರತು ಮೊದಲನೆಯದರಲ್ಲಿ ಅಲ್ಲ.

ಉರುಳುವ ಗಾಲಿಯ ಚಲನೆ ಕಣ್ಣಿಗೆ ಕಾಣುವಷ್ಟು ಸರಳವಲ್ಲ. ನೆಲಕ್ಕೆ ತಾಗಿದ ಬಿಂದು ಆ ಕ್ಷಣಕ್ಕೆ ನಿಂತೇ ಇದ್ದರೆ, ಗಾಲಿಯ ನೆತ್ತಿ ಕಾರಿನ ಎರಡರಷ್ಟು ವೇಗದಲ್ಲಿ ಮುಂದಕ್ಕೆ ಧಾವಿಸುತ್ತದೆ. ನಡುವಿನ ಕಡ್ಡಿಗಳು ಬೀಸಣಿಗೆಯ ಅಲಗುಗಳಂತೆ ಗಾಳಿಯನ್ನು ಕಲಕಿ ಹೊರಕ್ಕೆ ತಳ್ಳುತ್ತವೆ, ಹಾಗೆ ಕಲಕಿದ ಗಾಳಿ ಕಾರಿನ ಪಕ್ಕದಲ್ಲಿ ನಯವಾಗಿ ಹರಿಯಬೇಕಾದ ಪ್ರವಾಹವನ್ನೂ ಕೆಡಿಸುತ್ತದೆ. ಕಾರಿಗೆ ಎದುರಾಗುವ ಒಟ್ಟು ವಾಯುಪ್ರತಿರೋಧದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಗಾಲಿಗಳಿಂದ ಮತ್ತು ಅವು ಕುಳಿತ ಗೂಡುಗಳಿಂದ ಹುಟ್ಟುತ್ತದೆ. ಜನರಲ್ ಮೋಟಾರ್ಸ್ ಸಂಸ್ಥೆ 1996ರಲ್ಲಿ ಹೊರತಂದ ಇವಿ1 ಎಂಬ ವಿದ್ಯುತ್ ಕಾರಿನ ಹಿಂಗಾಲಿಗಳನ್ನು ಅರ್ಧ ಮರೆಮಾಡಿದ್ದಕ್ಕೂ, 2017ರಲ್ಲಿ ಬಂದ ಟೆಸ್ಲಾ ಮಾಡೆಲ್ 3ರ ಅಲಾಯ್ ಗಾಲಿಗಳ ಮೇಲೆ ಕಳಚಬಹುದಾದ ಚಪ್ಪಟೆ ಪ್ಲಾಸ್ಟಿಕ್ ಮುಚ್ಚಳಗಳನ್ನು ಕೂರಿಸಿದ್ದಕ್ಕೂ ಇದೇ ಕಾರಣ. ಆ ಮುಚ್ಚಳಗಳನ್ನು ತೆಗೆದು, ಮತ್ತೆ ಹಾಕಿ ಅಳೆದು ನೋಡಿದ ಅಮೆರಿಕದ ಕಾರ್ ಅಂಡ್ ಡ್ರೈವರ್ ಪತ್ರಿಕೆಗೆ ಸರಾಸರಿ ಶೇಕಡಾ 3ಕ್ಕಿಂತ ತುಸು ಹೆಚ್ಚು ಉಳಿತಾಯ ಕಂಡಿತು. ಆದರೆ ಅದು ಹೆದ್ದಾರಿಯ ವೇಗಗಳಲ್ಲಿ, ಆ ಗಾಲಿಗೆಂದೇ ರೂಪಿಸಿದ ಮುಚ್ಚಳದಿಂದ ಬಂದ ಫಲ.

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ವೇಗ ಇಮ್ಮಡಿಯಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಟೈರು ನೆಲದ ಮೇಲೆ ಅಮುಕಿ ಉರುಳುವಾಗ ಆಗುವ ನಷ್ಟ, ಅಂದರೆ ಉರುಳುಪ್ರತಿರೋಧ, ಬಹುಮಟ್ಟಿಗೆ ಒಂದೇ ಸಮನಾಗಿರುತ್ತದೆ. ಚಾಲಕನೂ ಸೇರಿ 1,350 ಕಿಲೋ ತೂಗುವ ಸಣ್ಣ ಕಾರೊಂದನ್ನು ಲೆಕ್ಕಕ್ಕೆ ಹಿಡಿದರೆ, 30 ಕಿಲೋಮೀಟರ್ ವೇಗದಲ್ಲಿ ಈ ಎರಡು ತಡೆಗಳ ಮೊತ್ತದಲ್ಲಿ ಗಾಳಿಯ ಪಾಲು ಆರನೆಯ ಒಂದರಷ್ಟಿದ್ದರೆ, 100 ಕಿಲೋಮೀಟರ್ ವೇಗದಲ್ಲಿ ಅದು ಮೂರರಲ್ಲಿ ಎರಡು ಪಾಲಾಗುತ್ತದೆ. (ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದ ಮೈಸೂರಿನಲ್ಲಿ ಗಾಳಿಯೇ ಶೇಕಡಾ 7ರಷ್ಟು ತೆಳು ಎಂಬ ಸಣ್ಣ ರಿಯಾಯಿತಿಯೂ ಇಲ್ಲಿನವರಿಗುಂಟು.) ಒಳ್ಳೆಯ ಮುಚ್ಚಳ ವಾಯುಪ್ರತಿರೋಧವನ್ನು ಶೇಕಡಾ 3ರಷ್ಟು ತಗ್ಗಿಸಿತೆಂದು ಒಪ್ಪಿದರೂ, ಬ್ಯಾಟರಿಯ ಮೇಲೆ ಅದರ ಉಳಿತಾಯ ಹೆದ್ದಾರಿಯಲ್ಲಿ ಶೇಕಡಾ 2, ಒಳರಸ್ತೆಯಲ್ಲಿ ಶೇಕಡಾ ಅರ್ಧ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ, ಸುಮಾರು 118 ಕಿಲೋಮೀಟರ್ ಉದ್ದದ ಬೆಂಗಳೂರು ಹೆದ್ದಾರಿಯಲ್ಲಿ ಒಂದು ಚಾರ್ಜಿಗೆ 170 ಕಿಲೋಮೀಟರ್ ಓಡುವ ಕಾರಿಗೆ ಇದರಿಂದ ದಕ್ಕುವುದು ಮೂರು ಚಿಲ್ಲರೆ ಕಿಲೋಮೀಟರ್. ತರಕಾರಿಗೆ, ಶಾಲೆಗೆ, ಹೆಬ್ಬಾಳ ಕೈಗಾರಿಕಾ ಪ್ರದೇಶದ ಕೆಲಸಕ್ಕೆ ಓಡಾಡುವ ಕಾರಿಗೆ ದಕ್ಕುವುದು ಏನೂ ಇಲ್ಲವೆಂದರೂ ತಪ್ಪಾಗದು. 2001ರಲ್ಲಿ ಬೆಂಗಳೂರಿನಿಂದ ಬಂದ ಪುಟ್ಟ ರೇವಾ ಕಾರು ನಗರದ ವೇಗಕ್ಕಷ್ಟೇ ಹುಟ್ಟಿದ್ದರಿಂದ ಅದರ ಮಟ್ಟಿಗೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಇಷ್ಟಾದರೂ ಮಾರುಕಟ್ಟೆಯ ಮುಚ್ಚಳಗಳಲ್ಲಿ ಬಹುಪಾಲು ಗಾಳಿಯನ್ನು ಲೆಕ್ಕಿಸಿ ಮಾಡಿದವಲ್ಲ. ಟಾಟಾ ಟಿಯಾಗೊ ಇವಿಯ 14 ಇಂಚಿನ, ಎಂಜಿ ಕಾಮೆಟ್‌ನ 12 ಇಂಚಿನ ಉಕ್ಕಿನ ಗಾಲಿಗಳಿಗೆ ಕಂಪನಿಯ ಮುಚ್ಚಳವೇ ಇರುತ್ತದೆ. ಅದು ಒಡೆದಾಗ ಅಥವಾ ಕಳೆದಾಗ ಕೊಳ್ಳುವ ಎಬಿಎಸ್ ಅಥವಾ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಬದಲಿ ಮುಚ್ಚಳ ಅಲಾಯ್ ಗಾಲಿಯ ಅಣಕದಂತೆ ಕಡ್ಡಿಗಳನ್ನೂ ಕಿಂಡಿಗಳನ್ನೂ ಹೊತ್ತಿರುತ್ತದೆ, ಹೀಗಾಗಿ ಅದು ಅಂದಕ್ಕೆ ಬಂದೀತೇ ವಿನಾ ಗಾಳಿಯನ್ನು ಸೋಲಿಸದು. ಇಂಚಿನ ಅಳತೆ ಹೊಂದಿದರೂ ಅಂಚಿನ ಆಕಾರ ಹೊಂದದಿದ್ದರೆ ಕ್ಲಿಪ್ಪುಗಳು ಬಿಗಿಯಾಗಿ ಕೂರದೆ ಗಡಗಡಿಸುತ್ತವೆ, ಉಬ್ಬು ಹಾರಿದಾಗ ಮುಚ್ಚಳವೇ ಕಳಚಿ ರಸ್ತೆಗೆ ಉರುಳುತ್ತದೆ. ಗಾಳಿ ತುಂಬುವ ವಾಲ್ವಿಗೆ ಸರಿಯಾದ ರಂಧ್ರವಿಲ್ಲದ ಮುಚ್ಚಳದ ಕೇಡು ಇದಕ್ಕಿಂತ ದೊಡ್ಡದು, ಏಕೆಂದರೆ ಪ್ರತಿ ಸಲ ಕಳಚುವ ರಗಳೆಗೆ ಬೇಸತ್ತ ಮಾಲೀಕ ಟೈರಿನ ಒತ್ತಡ ನೋಡಿಸುವುದನ್ನೇ ಮುಂದೂಡುತ್ತಾನೆ. ನಾಲ್ಕೂ ಟೈರುಗಳಲ್ಲಿ ಸರಾಸರಿ ಒಂದು ಪಿಎಸ್ಐ ಒತ್ತಡ ಇಳಿದರೆ ಮೈಲೇಜು ಶೇಕಡಾ 0.2ರಷ್ಟು ಕುಗ್ಗುತ್ತದೆಂಬುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಅದು ಪೆಟ್ರೋಲ್ ಕಾರುಗಳ ಲೆಕ್ಕವಾದರೂ ಟೈರಿನ ಗುಣ ವಿದ್ಯುತ್ ಕಾರಿನಲ್ಲೇನೂ ಬದಲಾಗದು. ಆ ಪ್ರಕಾರ 10 ಪಿಎಸ್ಐ ಇಳಿದರೆ ಮುಚ್ಚಳ ಹೆದ್ದಾರಿಯಲ್ಲಿ ಗಳಿಸಿಕೊಟ್ಟದ್ದೆಲ್ಲ ತೊಳೆದುಹೋಗುತ್ತದೆ. ವಿಕ್ರಾಂತ್ ಟೈರ್ಸ್ ಬೆಳೆದ, 1997ರಿಂದ ಜೆಕೆ ಟೈರ್ ನಡೆಸುತ್ತಿರುವ ಮೇಟಗಳ್ಳಿಯ ಕಾರ್ಖಾನೆ ವಿಜಯನಗರಕ್ಕೆ ದೂರವೇನಲ್ಲ. ಟೈರಿನ ಊರಿನಲ್ಲಿ ಟೈರನ್ನು ಮರೆತು ಮುಚ್ಚಳಕ್ಕೆ ದುಡ್ಡು ಸುರಿಯುವುದು ವಿಪರ್ಯಾಸವೇ ಸರಿ.

ಮುಚ್ಚಳ ಬ್ರೇಕನ್ನು ಬಿಸಿಯಾಗಿಸುತ್ತದೆಂಬ ಅಂಜಿಕೆ ವಿದ್ಯುತ್ ಕಾರಿನಲ್ಲಿ ಅಷ್ಟಾಗಿ ಬೇಕಿಲ್ಲ. ವೇಗ ತಗ್ಗಿಸುವಾಗ ಮೋಟಾರೇ ಜನರೇಟರಾಗಿ ತಿರುಗಿ ಬ್ಯಾಟರಿಗೆ ವಿದ್ಯುತ್ ಮರಳಿಸುವ ರಿಜೆನ್ ಎಂಬ ವ್ಯವಸ್ಥೆ ಬ್ರೇಕಿನ ಕೆಲಸದ ದೊಡ್ಡ ಭಾಗವನ್ನು ಹೊರುತ್ತದೆ, ಡಿಸ್ಕು ಮತ್ತು ಪ್ಯಾಡುಗಳಿಗೆ ಉಳಿಯುವುದು ಕಡಿಮೆ. ಆದರೆ ತುಂಬಿದ ಬ್ಯಾಟರಿ ಇನ್ನಷ್ಟು ವಿದ್ಯುತ್ತನ್ನು ಸ್ವೀಕರಿಸಲಾರದು. ವಿಜಯನಗರದ ಮಗ್ಗುಲಲ್ಲೇ ಹಾಯುವ ಹುಣಸೂರು ರಸ್ತೆ ಹಿಡಿದು ಮಡಿಕೇರಿಗೆ ಹೋದವರು ಅಲ್ಲಿ ರಾತ್ರಿಯಿಡೀ ಚಾರ್ಜಿಗಿಟ್ಟು, ಶೇಕಡಾ 100 ತುಂಬಿಸಿಕೊಂಡು ಬೆಳಗ್ಗೆ ಕುಶಾಲನಗರದ ಕಡೆಗೆ ಇಳಿಯತೊಡಗಿದರೆ, ಮೊದಲ ಇಳಿಜಾರುಗಳಲ್ಲಿ ರಿಜೆನ್ ದುರ್ಬಲವಾಗಿ ಎಲ್ಲ ಭಾರ ಡಿಸ್ಕುಗಳ ಮೇಲೆ ಬೀಳುತ್ತದೆ, ಆ ಹೊತ್ತಿನಲ್ಲಿ ಪೂರ್ತಿ ಮುಚ್ಚಿದ ಗಾಲಿಯೊಳಗೆ ಬಿಸಿ ನಿಲ್ಲುತ್ತದೆ. ಹಾಗಾಗಿ ಬೆಟ್ಟದ ಊರಿನಲ್ಲಿ ಚಾರ್ಜನ್ನು ಶೇಕಡಾ 80ರ ಆಸುಪಾಸಿನಲ್ಲಿ ನಿಲ್ಲಿಸಿ ಹೊರಡುವುದು ಲೇಸು. ಮಡಿಕೇರಿಯಿಂದ ಮೈಸೂರಿಗೆ ಒಟ್ಟಾರೆ ಇಳಿಜಾರೇ ಇರುವುದರಿಂದ ಅಷ್ಟು ಚಾರ್ಜು ಮನೆ ಮುಟ್ಟಲು ಸಾಕಾಗುತ್ತದೆ.