ಮಾಲ್ಟ್ ಕೊಳ್ಳುವುದೋ, ಮೊಳಕೆ ಕಟ್ಟುವುದೋ?

ಮರಳವಾಡಿಯಲ್ಲಿರುವ ನಮ್ಮ ಬಂಧುಗಳ ಮನೆಗೆ ಹೋದಾಗಲೆಲ್ಲ ಅಡುಗೆಮನೆಯ ಗೂಟಕ್ಕೆ ಒದ್ದೆ ಬಟ್ಟೆಯ ಗಂಟೊಂದು ತೂಗುತ್ತಿರುತ್ತಿತ್ತು. ಒಳಗೆ ಇರುತ್ತಿದ್ದುದು ಮೊಳೆಯುತ್ತಿರುವ ರಾಗಿ. ಈಚೆಗೆ ಹೋದಾಗ ಗಂಟು ಕಾಣಲಿಲ್ಲ. ಮನೆಯಲ್ಲಿ ಎಂಟು ತಿಂಗಳ ಕೂಸಿದೆ. ಅದಕ್ಕೆಂದು ಅಂಗಡಿಯಿಂದ ‘ರಾಗಿ ಮಾಲ್ಟ್’ ಪ್ಯಾಕೆಟ್ಟು ಬಂದಿದೆ. ‘ಅದೂ ರಾಗೀನೇ, ಇದೂ ರಾಗೀನೇ ಕಣಪ್ಪ. ಅವಳಿಗೂ ಒಂದು ಕೆಲ್ಸ ಕಮ್ಮಿ ಆಯ್ತದೆ’ ಎಂದರು ಅಜ್ಜಿ. ಆದರೆ ಆ ಮಾತಿನಲ್ಲಿ ಪೂರ್ತಿ ಒಪ್ಪಿಗೆ ಇದ್ದಂತೆ ತೋರಲಿಲ್ಲ.

ಅದೇ ವಾರ ಅಮೆರಿಕದಲ್ಲಿರುವ ಗೆಳೆಯನೊಬ್ಬ ಫೋನು ಮಾಡಿದ್ದ. ಮನೆಯಲ್ಲಿಯೇ ಬಿಯರ್ ತಯಾರಿಸುವುದು ಅವನ ಹವ್ಯಾಸ. ಅಲ್ಲಿ ಅದಕ್ಕೆ ಅಡ್ಡಿಯಿಲ್ಲ. ಇಷ್ಟು ದಿನ ಡಬ್ಬದಲ್ಲಿ ಬರುವ ಮಾಲ್ಟ್ ಪಾಕದಿಂದ ಮಾಡುತ್ತಿದ್ದವನು ಇನ್ನು ಮುಂದೆ ಕಾಳಿನಿಂದಲೇ ಶುರುಮಾಡಲೇ ಎಂಬ ತಾಕಲಾಟದಲ್ಲಿದ್ದ. ಮರಳವಾಡಿಯ ಮನೆ ಕಾಳಿನಿಂದ ಪ್ಯಾಕೆಟ್ಟಿಗೆ ಬಂದಿದೆ, ಅವನು ಡಬ್ಬದಿಂದ ಕಾಳಿನತ್ತ ಹೊರಟಿದ್ದಾನೆ. ಇಬ್ಬರೂ ಅತ್ತಿತ್ತ ನೋಡುತ್ತಿರುವುದು ಒಂದೇ ಹೊಸ್ತಿಲ ಮೇಲೆ ನಿಂತು.

ಮಾಲ್ಟ್ ಎಂದರೆ ಮೊಳೆಯಿಸಿ ಒಣಗಿಸಿದ ಕಾಳು, ಅಷ್ಟೆ. ಕಾಳಿನಲ್ಲಿರುವ ಪಿಷ್ಟ ಮುಂದೆ ಹುಟ್ಟುವ ಸಸಿಗಾಗಿ ಕೂಡಿಟ್ಟ ಬುತ್ತಿ. ನೀರು ತಾಗಿ ಜೀವ ಎಚ್ಚರಗೊಂಡೊಡನೆ ಈ ಪಿಷ್ಟವನ್ನು ಕತ್ತರಿಸಿ ಸಕ್ಕರೆಯಾಗಿಸುವ ಕಿಣ್ವಗಳು ಕಾಳಿನಲ್ಲಿ ಹೆಚ್ಚುತ್ತವೆ. 1833ರಲ್ಲಿ ಫ್ರಾನ್ಸಿನ ಪಾಯನ್ ಮತ್ತು ಪೆರ್ಸೊ ಎಂಬಿಬ್ಬರು ರಸಾಯನ ವಿಜ್ಞಾನಿಗಳು ಮೊಳೆತ ಬಾರ್ಲಿಯಿಂದ ಬೇರ್ಪಡಿಸಿ ‘ಡಯಾಸ್ಟೇಸ್’ ಎಂದು ಹೆಸರಿಟ್ಟದ್ದು ಇದನ್ನೇ. ವಿಜ್ಞಾನ ಮೊಟ್ಟಮೊದಲು ಹಿಡಿದ ಕಿಣ್ವ ಸಿಕ್ಕಿದ್ದು ಹೀಗೆ ಮೊಳಕೆಯಲ್ಲಿ.

ಈ ಮಾಲ್ಟನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ಕದಡಿ ಒಂದು ಗಂಟೆ ಇಟ್ಟರೆ ಪಿಷ್ಟ ಸಕ್ಕರೆಯಾಗಿ ಸಿಹಿನೀರು ಸಿಗುತ್ತದೆ. ಅದನ್ನು ಸೋಸಿ ಗಟ್ಟಿಯಾಗಿಸಿದರೆ ಡಬ್ಬದ ಪಾಕ. ಅಮೆರಿಕದಲ್ಲಿ ನೆಲೆಸಿದ ಹಾರ್ಲಿಕ್ ಸೋದರರು 1883ರಲ್ಲಿ ಪೇಟೆಂಟ್ ಪಡೆದದ್ದೂ ಇಂಥ ಸಿಹಿನೀರಿಗೆ ಹಾಲು ಸೇರಿಸಿ ಒಣಗಿಸಿದ ಪುಡಿಗೆ. ನಮ್ಮಲ್ಲಿ ಜ್ವರ ಬಂದವರಿಗೆ ಕೊಡುತ್ತಿದ್ದ ಹಾರ್ಲಿಕ್ಸ್ ಮತ್ತು ಬಿಯರಿನ ಮೂಲ ಒಂದೇ ಎಂದರೆ ಕೆಲವು ಹಿರಿಯರಿಗೆ ಕಸಿವಿಸಿಯಾದೀತು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಮದ್ಯಪಾನ ನಿಷೇಧವಿದ್ದಾಗ ಮಾಲ್ಟ್ ಪಾಕದ ಡಬ್ಬಗಳು ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರಾಟವಾದವು. ಹೇಳಿಕೊಳ್ಳಲು ರೊಟ್ಟಿಗೆ; ಕೊಂಡವರು ಮನೆಗೆ ಒಯ್ದು ಏನು ಮಾಡುತ್ತಿದ್ದರೆಂಬುದು ಎಲ್ಲರಿಗೂ ಗೊತ್ತಿತ್ತು. ಮನೆಯ ಬಿಯರಿಗೆ ಬ್ರಿಟನ್ ಪರವಾನಗಿಯ ಕಟ್ಟನ್ನು ಸಡಿಲಿಸಿದ್ದು 1963ರಲ್ಲಿ. ಅಮೆರಿಕದ ಕೇಂದ್ರ ಕಾನೂನಿಗೆ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದರು. ಅಲ್ಲಿಯ ಕೊನೆಯ ಎರಡು ರಾಜ್ಯಗಳು ಒಪ್ಪಿದ್ದು 2013ರಲ್ಲಿ.

ಗೆಳೆಯನ ಲೆಕ್ಕ ಹೀಗಿದೆ. ಇಪ್ಪತ್ತು ಲೀಟರಿಗೆ ಸುಮಾರು 3 ಕಿಲೋ ಪಾಕ ಬೇಕು; ಕಾಳಾದರೆ 4ರಿಂದ 5 ಕಿಲೋ, ಮೇಲೆ ಮೂವತ್ತು ಲೀಟರಿನ ಹಂಡೆ, ಇನ್ನೆರಡು ಮೂರು ಗಂಟೆ ಹೆಚ್ಚಿನ ದುಡಿಮೆ. ಮೊಳಕೆ ಕಟ್ಟುವ ತಾಪತ್ರಯ ಮಾತ್ರ ಅವನಿಗಿಲ್ಲ, ಮೊಳೆತು ಒಣಗಿದ ಬಾರ್ಲಿ ಅಂಗಡಿಯಲ್ಲೇ ಸಿಗುತ್ತದೆ. ಇಷ್ಟಕ್ಕೂ ಅವನಿಗೆ ದಕ್ಕುವುದು ಕಾವಿನ ಮೇಲಿನ ಹತೋಟಿ. 64–65 ಡಿಗ್ರಿ ಸೆಂಟಿಗ್ರೇಡಿನಲ್ಲಿಟ್ಟರೆ ಸಕ್ಕರೆ ಹೆಚ್ಚು ಕರಗಿ ತೆಳು ಪಾನೀಯ, 68–70ಕ್ಕೆ ಏರಿಸಿದರೆ ಮಂದವಾದದ್ದು. ಡಬ್ಬ ಕೊಂಡವನಿಗೆ ಈ ನಿರ್ಧಾರವನ್ನು ಕಾರ್ಖಾನೆಯವರು ಆಗಲೇ ಮಾಡಿಬಿಟ್ಟಿರುತ್ತಾರೆ. ಕುಡಿಯುವುದಷ್ಟೇ ಮುಖ್ಯವಾದರೆ ಡಬ್ಬ ಸಾಕು, ಮಾಡುವುದರಲ್ಲಿ ಖುಷಿಯಿದ್ದರೆ ಹಂಡೆ ಕೊಳ್ಳು ಎಂದೆ.

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಬೆಂಗಳೂರಿನ ಪರವಾನಗಿ ಪಡೆದ ಕಿರು ಬಿಯರ್ ಕಾರ್ಖಾನೆಗಳು ರಾಗಿಯನ್ನೂ ಬಳಸಿ ನೋಡಿದ್ದುಂಟು. ಬಾರ್ಲಿಯ ಹೊಟ್ಟು ತಾನೇ ಜರಡಿಯಾಗಿ ಸಿಹಿನೀರನ್ನು ಸೋಸಿಕೊಡುತ್ತದೆ, ರಾಗಿಗೆ ಆ ಹೊಟ್ಟಿಲ್ಲ. ಅದರ ಪಿಷ್ಟ ಸಡಿಲವಾಗಲು ಕಾವೂ ಹೆಚ್ಚು ಬೇಕು. ಹಾಗೆಂದು ರಾಗಿ ಇದಕ್ಕೆ ಹೊಸತಲ್ಲ. ಅದರ ತವರಾದ ಪೂರ್ವ ಆಫ್ರಿಕದ ಉಗಾಂಡದಲ್ಲಿ ಮೊಳೆಯಿಸಿದ ರಾಗಿ ಬಳಸಿ ತಯಾರಿಸುವ ‘ಅಜೋನ್’ ಅನ್ನು ಒಂದೇ ಮಡಕೆಯ ಸುತ್ತ ಕುಳಿತು ಉದ್ದನೆಯ ಕೊಳವೆಗಳಲ್ಲಿ ಹೀರುತ್ತಾರೆ.

ಮರಳವಾಡಿಯ ಕೂಸಿನ ವಿಚಾರ ಇದಕ್ಕಿಂತ ಗಂಭೀರವಾದದ್ದು. ಆರು ತಿಂಗಳು ತುಂಬಿದ ಮಗುವಿನ ಹೊಟ್ಟೆ ಪುಟ್ಟದು. ರಾಗಿ ಗಂಜಿ ಗಟ್ಟಿಯಾದರೆ ನುಂಗದು. ನೀರು ಬೆರೆಸಿ ತೆಳ್ಳಗೆ ಮಾಡಿದರೆ ಹೊಟ್ಟೆ ತುಂಬುವುದು ನೀರಿನಿಂದ. ಮೊಳಕೆಯ ಹಿಟ್ಟು ಈ ಬಿಕ್ಕಟ್ಟನ್ನು ಬಿಡಿಸುತ್ತದೆ. ಅದರ ಕಿಣ್ವಗಳು ಪಿಷ್ಟವನ್ನು ತುಂಡರಿಸುವುದರಿಂದ ಹೆಚ್ಚು ಹಿಟ್ಟು ಹಾಕಿಯೂ ಗಂಜಿ ತೆಳುವಾಗಿಯೇ ಇರುತ್ತದೆ. ಮೊಳೆಯುವಾಗ ಫೈಟೇಟ್ ಅಂಶ ತಗ್ಗಿ ಸುಣ್ಣ, ಕಬ್ಬಿಣದ ಸತ್ವಗಳು ಮೈಗೆ ಹತ್ತುವುದೂ ಸುಲಭವಾಗುತ್ತದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಅವರು 1982ರಲ್ಲಿ ಪ್ರಕಟಿಸಿದ, ಮೊಳೆತ ರಾಗಿ ಹಾಗೂ ಹೆಸರುಕಾಳಿನ ಶಿಶು ಆಹಾರ ಈ ತತ್ವದ ಮೇಲೆಯೇ ನಿಂತದ್ದು.

ಆದರೆ ‘ಮಾಲ್ಟ್’ ಎಂದು ಅಚ್ಚಾದದ್ದೆಲ್ಲ ಮಾಲ್ಟ್ ಅಲ್ಲ. ಬರಿಯ ರಾಗಿಹಿಟ್ಟಿಗೆ ಸಕ್ಕರೆ, ಏಲಕ್ಕಿ ಸೇರಿಸಿ ಮಾರುವವರೂ ಆ ಹೆಸರನ್ನೇ ಬಳಸುತ್ತಾರೆ. ಮೊಳಕೆಯದಾದರೂ ಜೋರಾಗಿ ಹುರಿದರೆ ಕಿಣ್ವ ಸಾಯುತ್ತದೆ. ಪೋಷಕಾಂಶ ಉಳಿದೀತು, ಗಂಜಿ ತೆಳುವಾಗದು. ಅರಳು ಬೀಸಿದ ನಮ್ಮ ಹುರಿಹಿಟ್ಟಿನ ರುಚಿಯೇ ಬೇರೆ, ಆದರೆ ಅದು ಮಾಲ್ಟ್ ಅಲ್ಲ.

ಗುರುತಿಸುವುದು ಸುಲಭ. ಗಟ್ಟಿ ಗಂಜಿ ಕಾಯಿಸಿ ಇಳಿಸಿ, ಬೆರಳು ಅದ್ದಿದರೆ ಸುರ್ರೆನ್ನುವಷ್ಟು ಬಿಸಿಯಿರುವಾಗ ಒಂದು ಚಮಚ ಹಿಟ್ಟು ಕಲಸಿ ಹತ್ತು ನಿಮಿಷ ಮುಚ್ಚಿಡಬೇಕು. ಜೀವವಿರುವ ಮಾಲ್ಟಾದರೆ ಗಂಜಿ ನೀರಾಗುತ್ತದೆ. ಮಗುವಿಗೆ ಕೊಡುವ ಮುನ್ನ ಮತ್ತೊಮ್ಮೆ ಕುದಿಸಲೇಬೇಕು.

ಅಜ್ಜಿಯ ಒಲೆಯ ಮೇಲೆ ಎರಡು ಪಾತ್ರೆಯಲ್ಲಿ ಇದನ್ನು ಮಾಡಿ ನೋಡಿದೆವು. ಪ್ಯಾಕೆಟ್ಟಿನ ಹಿಟ್ಟು ಹಾಕಿದ ಗಂಜಿ ಸೌಟು ನೆಟ್ಟರೆ ನಿಲ್ಲುವಂತೆ ಹಾಗೆಯೇ ಇತ್ತು. ಡಬ್ಬಿಯ ತಳದಲ್ಲಿ ಉಳಿದಿದ್ದ ಅಜ್ಜಿಯ ಹಳೆಯ ಹಿಟ್ಟು ಬಿದ್ದದ್ದು ಮಜ್ಜಿಗೆಯಂತೆ ಸುರಿಯಿತು. ಸೊಸೆ ಎರಡನ್ನೂ ಮೂರು ಸಲ ಸೌಟಿನಿಂದ ಎತ್ತಿ ಬಿಟ್ಟು ನೋಡಿದರು.

ಹಾಗಾದರೆ ಎಲ್ಲರೂ ಮನೆಯಲ್ಲೇ ಮಾಡಬೇಕೆ? ರಾಗಿಯನ್ನು ತೊಳೆದು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ನೀರು ಚಿಮುಕಿಸುತ್ತ ಎರಡು ದಿನ ಕಾಯಬೇಕು. ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಮೊಳಕೆಯನ್ನು ಕೈಯಲ್ಲಿ ಉಜ್ಜಿ ತೂರಿ, ಬಾಣಲೆಯಲ್ಲಿ ಘಮ ಬರುವಷ್ಟೇ ಬೆಚ್ಚಗೆ ಮಾಡಿ ಬೀಸಬೇಕು. ಮೋಡದ ದಿನಗಳಲ್ಲಿ ಇದು ಕಷ್ಟ. ಬೂಸಲು ಕಂಡರೆ, ಮುಗ್ಗಲು ವಾಸನೆ ಬಂದರೆ ಮುಲಾಜಿಲ್ಲದೆ ಚೆಲ್ಲಬೇಕು. ಮೈಮರೆತು ಮಾಡಿದ ಮನೆಯ ಮಾಲ್ಟಿಗಿಂತ ಒಳ್ಳೆಯ ಪ್ಯಾಕೆಟ್ಟೇ ವಾಸಿ.

ಸೊಸೆ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಹೋಗುವವರು. ‘ಶನಿವಾರ ರಾತ್ರಿ ನೆನೆಹಾಕಿದ್ರೆ ಒಣಗಿಸೋದು ಮಂಗಳವಾರ ಬೀಳ್ತದೆ. ಅವತ್ತು ನಾನು ಡ್ಯೂಟೀಲಿರ್ತೀನಲ್ಲ ಅತ್ತೆ’ ಎಂದರು. ‘ನೆನೆಹಾಕಿ ಹೋಗವ್ವ, ಬಿಸಿಲಿಗೆ ಹರವೋದು ನಾನಿಲ್ವ’ ಎಂದ ಅಜ್ಜಿ, ರಾಗಿ ಈ ವರ್ಷದ್ದೇ ಆಗಿರಲಿ, ಹಗೇವಿನ ಹಳೇ ರಾಗಿ ಮುದ್ದೆಗೆ ಸೈ, ಮೊಳಕೆ ಬರಾಕಿಲ್ಲ ಎಂದು ಎಚ್ಚರಿಸಿ, ಮೊರ ಹುಡುಕಲು ಒಳಗೆ ಹೋದರು.