ಹಳೇ ರೆಕ್ಕೆಗೆ ಹೊಸ ಬಟ್ಟೆ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಹುಲ್ಲಿನ ರನ್‌ವೇಗಳಿವೆ. ಅವುಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಎಕ್ಸ್-ಏರ್ ಎಂಬ ಪುಟ್ಟ ವಿಮಾನ ಕಾಣಸಿಗುತ್ತದೆ. ಅಕ್ಕಪಕ್ಕ ಎರಡು ಸೀಟು, ತಲೆಯ ಮೇಲೆ ರೆಕ್ಕೆ, ಅಲ್ಯೂಮಿನಿಯಂ ಕೊಳವೆಗಳ ಎಲುಬುಗೂಡು, ಅದಕ್ಕೆ ತೊಡಿಸಿದ ಪಾಲಿಯೆಸ್ಟರ್ ಬಟ್ಟೆ. ಕಾರ್ಖಾನೆಯಿಂದ ಸಿದ್ಧವಾಗಿ ಬಂದದ್ದಲ್ಲ. ಕೊಂಡವರೇ ಪೆಟ್ಟಿಗೆ ಬಿಚ್ಚಿ, ನಕ್ಷೆ ಹರಡಿಕೊಂಡು, ಒಂದೊಂದೇ ಬೋಲ್ಟು ಬಿಗಿದು ಜೋಡಿಸಿಕೊಂಡದ್ದು. ಆ ಪೆಟ್ಟಿಗೆಗಳು ಹೋದದ್ದು ನಮ್ಮ ಬೆಂಗಳೂರಿನಿಂದ. ಫ್ರಾನ್ಸಿನಿಂದ ಇಲ್ಲಿಗೆ ಬಂದ ಜೋಯಲ್ ಕೋಕ್ಲಿನ್ ಕಟ್ಟಿದ ರಾಜ್ ಹಂಸ ಅಲ್ಟ್ರಾಲೈಟ್ಸ್ ಇವುಗಳನ್ನು ತಯಾರಿಸಿ ಹಲವು ದೇಶಗಳಿಗೆ ಕಳಿಸಿತು. ಆಮೇಲೆ ಬಂದ ಮಾದರಿಗೆ ಹನುಮಾನ್ ಎಂದು ಹೆಸರಿಟ್ಟರು. ಬ್ರಿಟನ್ನಿನಲ್ಲಿ ಅದನ್ನೇ ಹಾಕ್ ಎನ್ನುತ್ತಾರೆ. ಎಚ್‌ಎಎಲ್, ಎನ್‌ಎಎಲ್ ಹೆಸರು ಬಾಯಿಪಾಠವಿರುವ ನಮ್ಮಲ್ಲಿ ಎಷ್ಟೋ ಜನಕ್ಕೆ ಈ ಸಂಗತಿ ಗೊತ್ತಿಲ್ಲವೆಂಬುದು ನನಗೆ ಬೇಸರದ ವಿಷಯ.

ಮೊದಲ ತಲೆಮಾರಿನ ಆ ವಿಮಾನಗಳಿಗೆ ಈಗ ವಯಸ್ಸಾಗಿದೆ. ಕಟ್ಟಿದವರ ಕೈಯಿಂದ ಎರಡನೆಯವರಿಗೆ, ಮೂರನೆಯವರಿಗೆ ದಾಟಿವೆ. ಹೀಗೆ ಕೈ ಬದಲಾಯಿಸಿದ ಹಗುರ ವಿಮಾನವನ್ನು ಮತ್ತೆ ಹಾರುವ ಸ್ಥಿತಿಗೆ ತರುವುದು ಹೇಗೆ ಎಂಬುದು ಒಳ್ಳೆಯ ವಿಜ್ಞಾನ ಪಾಠ. ಹಳೇ ಜೀಪು ತಂದು ಎಂಜಿನ್ ಬದಲಿಸಿ, ದಪ್ಪ ಟೈರು ಹಾಕಿ, ಮುಂದೊಂದು ಬಂಪರ್ ಕೂರಿಸಿದರೆ ಜೀಪು ಇನ್ನಷ್ಟು ಗಟ್ಟಿಯಾಗುತ್ತದೆ. ವಿಮಾನದ ಲೆಕ್ಕವೇ ಬೇರೆ. ಅದಕ್ಕೆ ಸೇರಿಸಿದ ಪ್ರತಿ ವಸ್ತುವೂ ಎಷ್ಟು ತೂಗುತ್ತದೆ, ಎಲ್ಲಿ ಕೂತಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಲೇಬೇಕು.

ಮೊದಲು ಬಟ್ಟೆ. ಅಂಗಳದಲ್ಲಿ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಮುಟ್ಟಿದರೆ ಪುಡಿಯಾಗುತ್ತದೆ. ಕಾಫಿ ಕಣದ ಟಾರ್ಪಾಲು ಮಡಿಸಿದ ಗೆರೆಯಲ್ಲೇ ಸೀಳುತ್ತದೆ. ವಿಮಾನದ ರೆಕ್ಕೆಗೂ ಆಗುವುದು ಅದೇ. ಪಾಲಿಯೆಸ್ಟರ್ ಎಂದರೆ ಉದ್ದುದ್ದ ಸರಪಳಿಯಂಥ ಅಣುಗಳ ನೂಲು. ಬಿಸಿಲಿನ ಅತಿನೇರಳೆ ಕಿರಣಕ್ಕೆ ಆ ಸರಪಳಿಯ ಕೊಂಡಿ ಕಡಿಯುವಷ್ಟು ಶಕ್ತಿಯಿದೆ. ಒಂದೊಂದೇ ಕೊಂಡಿ ಕಡಿಯುತ್ತ ಸರಪಳಿ ತುಂಡಾಗುತ್ತದೆ, ನೂಲು ಬಲ ಕಳೆದುಕೊಳ್ಳುತ್ತದೆ. ಕಣ್ಣಿಗೆ ಕಾಣುವುದು ಬಣ್ಣ ಸ್ವಲ್ಪ ಮಾಸಿದ್ದು ಮಾತ್ರ. ಎಷ್ಟೋ ಸಲ ಬಟ್ಟೆಗಿಂತ ಮೊದಲು ಹೊಲಿಗೆಯ ದಾರವೇ ಸೋತಿರುತ್ತದೆ. ಲಾಗ್‌ಬುಕ್ಕಿನಲ್ಲಿ ಹಾರಿದ ಗಂಟೆಗಳಿರುತ್ತವೆ. ಬಿಸಿಲಿಗೆ ನಿಂತ ಗಂಟೆಗಳು ಇರುವುದಿಲ್ಲ. ಹೀಗಾಗಿ ಶೆಡ್ಡಿನೊಳಗಿದ್ದು ಸಾಕಷ್ಟು ಹಾರಿದ ವಿಮಾನದ ಬಟ್ಟೆ, ಹೊರಗೆ ನಿಂತು ಅಪರೂಪಕ್ಕೆ ಹಾರಿದ ವಿಮಾನದ ಬಟ್ಟೆಗಿಂತ ಚೆನ್ನಾಗಿರಬಹುದು.

ಇದನ್ನು ಪತ್ತೆಹಚ್ಚಲು ಬ್ರಿಟನ್ನಿನಲ್ಲಿ ಮೈಕ್ರೋಲೈಟ್ ಎಂದು ಕರೆಯುವ ಇಂಥ ಹಗುರ ವಿಮಾನಗಳ ಇನ್‌ಸ್ಪೆಕ್ಟರುಗಳು ಬಳಸುವುದು ಬೆಟ್ಸೋಮೀಟರ್ ಎಂಬ ಸರಳ ಸಲಕರಣೆ. ಸ್ಪ್ರಿಂಗ್ ತಕ್ಕಡಿಯೊಂದರ ತುದಿಗೆ ಸೂಜಿ. ಸೂಜಿಯನ್ನು ಬಟ್ಟೆಗೆ ಚುಚ್ಚಿ, ಗೊತ್ತುಪಡಿಸಿದ ಬಲಕ್ಕೆ ಎಳೆಯುತ್ತಾರೆ. ಬಟ್ಟೆ ತಡೆದರೆ ಪಾಸು, ಹರಿದರೆ ಬದಲಿಸಲೇಬೇಕು. ಬಿಸಿಲು ಹೆಚ್ಚು ಬೀಳುವುದು ರೆಕ್ಕೆಯ ಮೇಲ್ಮೈಗಾದ್ದರಿಂದ ಪರೀಕ್ಷೆಯೂ ಅಲ್ಲಿಯೇ ನಡೆಯಬೇಕು. ಚಿಕ್ಕ ತೂತು ಬೀಳುತ್ತದೆಂದು ಇದನ್ನು ಬೇಡವೆನ್ನುವ ಮಾಲೀಕರಿಗೆ ಒಂದು ಮಾತು: ಹಾರುವಾಗ ವಿಮಾನದ ಭಾರವೆಲ್ಲ ಜೋತುಬಿದ್ದಿರುವುದು ಆ ಬಟ್ಟೆಗೇ.

ಎಕ್ಸ್-ಏರ್‌ನ ಬಟ್ಟೆ ಮೊದಲೇ ಹೊಲಿದು ಬರುವ ಗವಸಿನಂತೆ. ಕೊಳವೆಗಳಿಗೆ ತೊಡಿಸಿ, ಎಳೆದು ಬಿಗಿಯುತ್ತಾರೆ. ಇನ್ನು ಕೆಲವು ಕಿಟ್ ವಿಮಾನಗಳಲ್ಲಿ ಹೊಲಿಯದ ಪಾಲಿಯೆಸ್ಟರ್ ಬಟ್ಟೆಯನ್ನು ಚೌಕಟ್ಟಿಗೆ ಅಂಟಿಸಿ, ಮೇಲೆ ಇಸ್ತ್ರಿಪೆಟ್ಟಿಗೆ ಹಾಯಿಸುತ್ತಾರೆ. ಕಾವಿಗೆ ಬಟ್ಟೆ ತಾನೇ ಕುಗ್ಗಿ ತಮಟೆಯ ಚರ್ಮದಂತೆ ಬಿಗಿಯಾಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಒಂದು ವಿಧಾನದಲ್ಲಿ ಮೂರು ಸುತ್ತು ಇಸ್ತ್ರಿ: ಮೊದಲು 121 ಡಿಗ್ರಿ ಸೆಲ್ಸಿಯಸ್, ಆಮೇಲೆ 149, ಕೊನೆಗೆ 177. ಮನೆಯ ಇಸ್ತ್ರಿಪೆಟ್ಟಿಗೆಯ ಗುಂಡಿಯನ್ನು ನಂಬುವಂತಿಲ್ಲ, ಥರ್ಮಾಮೀಟರ್ ಇಟ್ಟು ಅಳೆಯಬೇಕು. ಕಾವು ಮಿತಿ ಮೀರಿದರೆ ಬಟ್ಟೆಯ ಬಿಗಿ ಹೋಗಿಬಿಡುತ್ತದೆ. ಇದರ ಮೇಲೆ ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿಬಣ್ಣದ ಲೇಪ. ಅದು ಅಲಂಕಾರಕ್ಕಲ್ಲ, ಅತಿನೇರಳೆ ಕಿರಣಕ್ಕೆ ಅಡ್ಡಲಾಗಿ ಕಟ್ಟಿದ ಗೋಡೆ. ಬಟ್ಟೆ ಹೊದ್ದ ವಿಮಾನವೆಂದರೆ ಆಟಿಕೆಯೆಂದು ಮೂಗು ಮುರಿಯುವವರೂ ಇದ್ದಾರೆ. ವಿ. ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ಎಚ್‌ಎಎಲ್ ರೂಪಿಸಿ, 1958ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿಸಿದ ಪುಷ್ಪಕ್ ಕೂಡ ಬಟ್ಟೆ ಹೊದ್ದದ್ದೇ. ನಮ್ಮ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದಿಡೀ ತಲೆಮಾರು ಹಾರಲು ಕಲಿತದ್ದು ಅದರಲ್ಲಿ.

ಬಟ್ಟೆ ಬಿಚ್ಚಿದಾಗಲೇ ಒಳಗಿನ ಕೊಳವೆಗಳು ಬೆಳಕು ಕಾಣುವುದು. ಹಳೇ ವಿಮಾನ ಕೊಂಡವರಿಗೆ ಇಂಥ ಅವಕಾಶ ಮತ್ತೆ ಬೇಗ ಸಿಗದು. ಟಾರ್ಚು, ಪುಟ್ಟ ಕನ್ನಡಿ ಹಿಡಿದು ಪ್ರತಿ ಕೊಳವೆಯನ್ನೂ ನೋಡಬೇಕು. ಬೋಲ್ಟಿನ ರಂಧ್ರ ದುಂಡಗಿರುವುದು ಬಿಟ್ಟು ಮೊಟ್ಟೆಯಾಕಾರಕ್ಕೆ ಸವೆದಿದೆಯೇ? ಹಿಂದೊಮ್ಮೆ ದಡಕ್ಕನೆ ಇಳಿದು ಯಾವುದಾದರೂ ಕೊಳವೆ ಕೂದಲೆಳೆಯಷ್ಟು ಬಾಗಿದೆಯೇ? ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಕೊಳವೆಗೆ ತಾಗಿದ ಕಡೆ ತೇವ ಸೇರಿದರೆ ಅದೊಂದು ಪುಟ್ಟ ಬ್ಯಾಟರಿಯಂತೆ ಕೆಲಸ ಮಾಡಿ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಅಲ್ಲಿ ಬಿಳಿ ಪುಡಿ ಕಾಣುತ್ತದೆ. ಅಲ್ಯೂಮಿನಿಯಮ್ಮಿಗೆ ಇನ್ನೊಂದು ಗುಣವಿದೆ. ಉಕ್ಕಿಗೆ ಒಂದು ಮಿತಿಯೊಳಗಿನ ಅಲುಗಾಟವನ್ನು ಎಷ್ಟು ಸಲ ಕೊಟ್ಟರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಮ್ಮಿಗೆ ಅಂಥ ಸುರಕ್ಷಿತ ಮಿತಿಯಿಲ್ಲ. ಸಣ್ಣ ಅಲುಗಾಟವೂ ಲೆಕ್ಕಕ್ಕೆ ಸೇರುತ್ತ ಹೋಗಿ ಒಂದು ದಿನ ಬಿರುಕಾಗುತ್ತದೆ. ಎಂಜಿನ್ ಕೂರುವ ಜಾಗವನ್ನು ಎರಡೆರಡು ಸಲ ನೋಡುವುದು ಇದೇ ಕಾರಣಕ್ಕೆ.

ಇನ್ನು ಎಂಜಿನ್. ಎಕ್ಸ್-ಏರ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ಆಸ್ಟ್ರಿಯಾದ ರೋಟಾಕ್ಸ್ 582. ಎರಡು ಸಿಲಿಂಡರಿನ, ನೀರಿನಿಂದ ತಂಪಾಗುವ ಟೂ-ಸ್ಟ್ರೋಕ್ ಎಂಜಿನ್ ಅದು. ಶಕ್ತಿ ಸುಮಾರು 65 ಅಶ್ವಶಕ್ತಿ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಓಡಿಸಿದವರಿಗೆ ಇದರ ಸ್ವಭಾವ ಬಿಡಿಸಿ ಹೇಳಬೇಕಿಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಬಿಸಿಯಾಗುವ ಮುಂಚೆ ರೇಸ್ ಮಾಡಿದರೆ ಪಿಸ್ಟನ್ ಸೀಜ್ ಆಗುತ್ತದೆ. ಬೈಕಿನಲ್ಲಾದರೆ ಕ್ಲಚ್ಚು ಹಿಡಿದು ರಸ್ತೆಯ ಪಕ್ಕಕ್ಕೆ ತರಬಹುದು. ವಿಮಾನದಲ್ಲಾದರೆ ಕೆಳಗೆ ಗದ್ದೆ ಹುಡುಕಬೇಕು.

ಈ ಎಂಜಿನ್ನಿಗೆ ತಯಾರಕರು ಹೇಳುವ ಓವರ್‌ಹಾಲ್ ಗಡುವು 300 ಗಂಟೆ ಅಥವಾ 5 ವರ್ಷ, ಯಾವುದು ಮೊದಲೋ ಅದು. ವರ್ಷದ ಮಾತು ಯಾಕೆ ಬಂತು? ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ ಬೇರೆಯೇ ಇದ್ದು ಒಳಗೆಲ್ಲ ಸುತ್ತುತ್ತಿರುತ್ತದೆ. ಟೂ-ಸ್ಟ್ರೋಕಿನಲ್ಲಿ ಕ್ರ್ಯಾಂಕಿನ ಬೇರಿಂಗಿಗೆ ಸಿಗುವುದು ಪೆಟ್ರೋಲಿನ ಜೊತೆ ಬರುವ ಆಯಿಲ್ ಹನಿ ಮಾತ್ರ. ತಿಂಗಳುಗಟ್ಟಲೆ ನಿಂತರೆ ಆ ಪಸೆಯೂ ಆರಿ ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. “ಹತ್ತು ವರ್ಷದಲ್ಲಿ ಬರೀ ಎಂಬತ್ತು ಗಂಟೆ ಓಡಿದೆ” ಎಂದು ಮಾರುವವರು ಹೆಮ್ಮೆಯಿಂದ ಹೇಳಿದರೆ ಅದು ಹೆದರಬೇಕಾದ ಮಾತು.

ರಬ್ಬರಿನ ಕೊಳವೆಗಳನ್ನಂತೂ ಕಣ್ಣುಮುಚ್ಚಿ ಬದಲಿಸಬೇಕು. ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ 2021ರಿಂದ ಶೇಕಡಾ 10ರವರೆಗೆ ಎಥನಾಲ್ ಇದೆ. ನಮ್ಮಲ್ಲಿ ಅದು ಶೇಕಡಾ 20ಕ್ಕೆ ಏರಿದೆ. ಎಥನಾಲ್ ನೀರು ಹೀರುತ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಮೆತ್ತಗಾದ ರಬ್ಬರಿನ ಚೂರು ಕಾರ್ಬುರೇಟರಿನ ಜೆಟ್ಟಿಗೆ ಸಿಕ್ಕಿಕೊಂಡರೆ ಎಷ್ಟು ಒಳ್ಳೆಯ ಎಂಜಿನ್ನೂ ನಿಲ್ಲುತ್ತದೆ.

ಬಹಳ ಮಾಲೀಕರ ಆಸೆ ಟೂ-ಸ್ಟ್ರೋಕ್ ಕಿತ್ತು ಫೋರ್-ಸ್ಟ್ರೋಕ್ ಕೂರಿಸುವುದು. ಎಕ್ಸ್-ಏರ್‌ಗೆ ಹೊಂದುವ ಒಂದು ಆಯ್ಕೆ ಆಸ್ಟ್ರೇಲಿಯಾದ ಜಬಿರು 2200. ನಾಲ್ಕು ಸಿಲಿಂಡರ್, ಗಾಳಿಯಿಂದಲೇ ತಂಪು, ನಿಮಿಷಕ್ಕೆ 3300 ಸುತ್ತಿನಲ್ಲಿ ಸುಮಾರು 80 ಅಶ್ವಶಕ್ತಿ, ತೂಕ 60 ಕಿಲೋದ ಆಸುಪಾಸು. ಅರವತ್ತೈದರಿಂದ ಎಂಬತ್ತಕ್ಕೆ ಏರಿದರೆ ವಿಮಾನ ಜಿಗಿದೇಳುತ್ತದೆ ಅಂದುಕೊಳ್ಳುವವರು ಪ್ರೊಪೆಲ್ಲರನ್ನು ಮರೆತಿರುತ್ತಾರೆ. 582ರ ಮುಂದೆ ಗೇರ್‌ಬಾಕ್ಸ್ ಇದೆ. 3:1 ಗೇರ್ ಹಾಕಿದ್ದರೆ ಎಂಜಿನ್ 6500 ಸುತ್ತುವಾಗ ಪ್ರೊಪೆಲ್ಲರ್ ಸುತ್ತುವುದು 2170ರಷ್ಟು. 1.7 ಮೀಟರ್ ಅಗಲದ ಪ್ರೊಪೆಲ್ಲರ್ ಆದರೂ ಅದರ ತುದಿಯ ವೇಗ ಸೆಕೆಂಡಿಗೆ 193 ಮೀಟರ್ ದಾಟದು. ಜಬಿರುವಿನಲ್ಲಿ ಗೇರ್ ಇಲ್ಲ, ಎಂಜಿನ್ ಸುತ್ತಿದಷ್ಟೇ ಪ್ರೊಪೆಲ್ಲರೂ ಸುತ್ತಬೇಕು. ಅಲ್ಲಿ 1.5 ಮೀಟರಿನದ್ದಕ್ಕೇ ತುದಿಯ ವೇಗ ಸೆಕೆಂಡಿಗೆ 259 ಮೀಟರ್. ಶಬ್ದದ ವೇಗ ಸುಮಾರು 340. ಅದರ ಹತ್ತಿರ ಹೋದಷ್ಟೂ ಗದ್ದಲ ಹೆಚ್ಚಿ ತಳ್ಳುವ ಬಲ ಪೋಲಾಗುತ್ತದೆ. ಹಾಗಾಗಿ ಚಿಕ್ಕ ಪ್ರೊಪೆಲ್ಲರಿಗೇ ತೃಪ್ತಿಪಡಬೇಕು. ನಿಧಾನವಾಗಿ ಹಾರುವ, ಗಾಳಿಗೆ ಹೆಚ್ಚು ಅಡ್ಡಿಯಾಗುವ ಇಂಥ ವಿಮಾನಕ್ಕಾದರೋ ಬೇಕಾದದ್ದು ಹೆಚ್ಚು ಗಾಳಿಯನ್ನು ನಿಧಾನವಾಗಿ ಹಿಂದಕ್ಕೆ ನೂಕುವ ದೊಡ್ಡ ಪ್ರೊಪೆಲ್ಲರ್. ಕಾಗದದ ಮೇಲಿನ ಹೆಚ್ಚುವರಿ 15 ಅಶ್ವಶಕ್ತಿಯಲ್ಲಿ ರೆಕ್ಕೆಗೆ ದಕ್ಕುವುದು ಒಂದು ಪಾಲು ಮಾತ್ರ. ಪೆಟ್ರೋಲ್ ಉಳಿತಾಯವಾಗುತ್ತದೆ, ಆಯಿಲ್ ಬೆರೆಸುವ ಗೋಜು ಇರುವುದಿಲ್ಲ ಎಂಬುದು ಬೇರೆ ಮಾತು. ಎಂಜಿನ್ ಬದಲಿಸುವುದಾದರೆ ಆ ಕಾರಣಗಳಿಗಾಗಿ ಬದಲಿಸಬೇಕು.

ಬದಲಿಸಿದ ಮೇಲೆ ತಕ್ಕಡಿ. ಹಳೆಯ ಬ್ರಿಟಿಷ್ ಮೈಕ್ರೋಲೈಟುಗಳಿಗೆ ಎಲ್ಲ ಸೇರಿ 450 ಕಿಲೋ ಮಿತಿಯಿತ್ತು. ಖಾಲಿ ವಿಮಾನ 250 ಕಿಲೋ ಎಂದಿಟ್ಟುಕೊಳ್ಳಿ. ತಲಾ 80 ಕಿಲೋದ ಇಬ್ಬರು ಕೂತರೆ 410. ಉಳಿದ 40ರಲ್ಲಿ 50 ಲೀಟರ್ ಪೆಟ್ರೋಲಿಗೇ ಸುಮಾರು 37 ಕಿಲೋ ಹೋಯಿತು. ಕೈಯಲ್ಲಿರುವುದು ಮೂರೇ ಕಿಲೋ. ಈಗ ಎಂಜಿನ್ನಿನಿಂದ 12 ಕಿಲೋ, ದಪ್ಪ ಟೈರು, ರೇಡಿಯೋ, ಪೈಲಟ್ ಮುಂದಿನ ಡಿಜಿಟಲ್ ಪರದೆ ಎಲ್ಲದರಿಂದ 6 ಕಿಲೋ ಹೆಚ್ಚಿತೆನ್ನಿ. ಲೆಕ್ಕ ಸರಿತೂಗಲು 20 ಲೀಟರ್ ಪೆಟ್ರೋಲ್ ನೆಲದಲ್ಲೇ ಬಿಡಬೇಕು. 2021ರಲ್ಲಿ ಬ್ರಿಟನ್ ಮೈಕ್ರೋಲೈಟಿನ ಮಿತಿಯನ್ನು 600 ಕಿಲೋಗೆ ಏರಿಸಿತು, ನಿಜ. ಕಾನೂನು ಬದಲಾದರೆ ಹಳೇ ಕೊಳವೆಗಳು ದಪ್ಪವಾಗುವುದಿಲ್ಲ. 450ಕ್ಕೆಂದು ರೂಪಿಸಿದ ವಿಮಾನ 450ರದ್ದೇ.

ತೂಕಕ್ಕಿಂತ ಸೂಕ್ಷ್ಮವಾದದ್ದು ಗುರುತ್ವ ಕೇಂದ್ರ. ಕೇಂದ್ರದಿಂದ ಒಂದು ಮೀಟರ್ ಮುಂದೆ 12 ಕಿಲೋ ಸೇರಿಸಿದರೆ, 430 ಕಿಲೋದ ವಿಮಾನದ ಗುರುತ್ವ ಕೇಂದ್ರ ಸುಮಾರು 2.7 ಸೆಂಟಿಮೀಟರ್ ಮುಂದಕ್ಕೆ ಸರಿಯುತ್ತದೆ. ಮೂಗು ಭಾರವಾದರೆ ಇಳಿಯುವಾಗ ಪೈಲಟ್ ಕೈಯಲ್ಲಿನ ನಿಯಂತ್ರಣ ಕಡ್ಡಿಯನ್ನು ಪೂರ್ತಿ ಎಳೆದರೂ ಮೂಗು ಏಳದಿರಬಹುದು. ಬಾಲ ಭಾರವಾದರೆ ಇನ್ನೂ ಅಪಾಯ, ವಿಮಾನ ತಾನಾಗಿ ನೇರವಾಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಬಾಲ ಕೇಂದ್ರದಿಂದ ಬಲುದೂರ. ಅಲ್ಲಿ ಅಂದಕ್ಕೆಂದು ಬಳಿದ ಒಂದು ಕಿಲೋ ಬಣ್ಣ ಮುಂದಿನ ಹಲವು ಕಿಲೋಗಳಿಗೆ ಸಮ. ಅದಕ್ಕೇ ಕೆಲಸವೆಲ್ಲ ಮುಗಿದ ಮೇಲೆ ಮೂರು ಚಕ್ರಗಳ ಕೆಳಗೆ ಮೂರು ತಕ್ಕಡಿ ಇಟ್ಟು, ವಿಮಾನವನ್ನು ಮಟ್ಟವಾಗಿ ನಿಲ್ಲಿಸಿ ಹೊಸದಾಗಿ ತೂಗುತ್ತಾರೆ. ಬ್ರಿಟಿಷ್ ಮೈಕ್ರೋಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಶನ್ನಿನ ವ್ಯವಸ್ಥೆಯಲ್ಲಿ ಇಂಥ ಮಾರ್ಪಾಡಿಗೆ ಅನುಮೋದನೆ ಬೇಕು, ಇನ್‌ಸ್ಪೆಕ್ಟರ್ ಸಹಿ ಬೇಕು. ಇದನ್ನು ಕಾಟವೆಂದು ಗೊಣಗುವವರಿದ್ದಾರೆ. ತನ್ನ ಕೈಯಾರೆ ಮಾಡಿದ ಕೆಲಸದ ತಪ್ಪು ತನ್ನ ಕಣ್ಣಿಗೆ ಬೀಳುವುದು ಕಷ್ಟ. ಎರಡನೇ ಜೋಡಿ ಕಣ್ಣು ಇರಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ.

ನನ್ನನ್ನು ಕೇಳಿದರೆ ಹಣ ಮೊದಲು ಹೋಗಬೇಕಾದದ್ದು ಬಟ್ಟೆಗೆ, ಬೋಲ್ಟಿಗೆ, ರಬ್ಬರಿಗೆ. ಆಮೇಲೆ ಎಂಜಿನ್ನಿನ ಓವರ್‌ಹಾಲಿಗೆ. ಹೊಳೆಯುವ ಪರದೆಗಳ ಸರದಿ ಕೊನೆಗೆ, ತೂಕ ಉಳಿದಿದ್ದರೆ ಮಾತ್ರ.

ಬ್ರಿಟನ್ನಿನಲ್ಲೋ ಬೇರೆಲ್ಲೋ ನೆಲೆಸಿದ ಕನ್ನಡಿಗರಿಗೆ ಬೆಂಗಳೂರಿನ ಈ ವಿಮಾನ ಮಾರಾಟಕ್ಕಿರುವುದು ಕಣ್ಣಿಗೆ ಬಿದ್ದು ಕೊಳ್ಳುವ ಮನಸ್ಸಾದರೆ, ಮುಂಗಡ ಕೊಡುವ ಮುಂಚೆ ಇನ್‌ಸ್ಪೆಕ್ಟರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ರೆಕ್ಕೆಯ ಮೇಲ್ಮೈಗೆ ಸೂಜಿ ಚುಚ್ಚಿಸಿ, ಲಾಗ್‌ಬುಕ್ಕಿನ ಕೊನೆಯ ತೂಕದ ಹಾಳೆ ತೋರಿಸಲು ಕೇಳಿ. ಮಾರುವವರು ಎರಡಕ್ಕೂ ಒಪ್ಪದಿದ್ದರೆ ಬರಿಗೈಯಲ್ಲಿ ವಾಪಸ್ ಬನ್ನಿ.